ಮೈಲಾರನ ನಾಯಿಗೆ ಬಾಗಿಲು ಹಾಕಿದ್ದು

ಕಳೆದ ಎಳ್ಳಮಾವಾಸ್ಯೆಯ ದಿನ ಹೊಲಕ್ಕೆ ಭೂತಾಯಿಯ ಎಡೆಯಾದ ಚರಗ ಚೆಲ್ಲಲು ಹೋದಾಗ ನಮ್ಮ ಭಂಡಾರಿ ಕಳೆದುಹೋದ. ಭಂಡಾರಿ ಎಂದರೆ ನಮ್ಮ ಮನೆಯ ನಾಯಿ. ನಾಯಿ ಕಳೆದದ್ದನ್ನೂ ಬರೆಯಲು ಕುಳಿತಳಲ್ಲ ಈ ಶಿವಮ್ಮ ಎಂದು ನಗಬೇಡಿ. ಮೈಲಾರಲಿಂಗನ ಒಕ್ಕಲಿನವರೆಲ್ಲ ಇದನ್ನು ಪೂರ್ತಿ ಓದಬೇಕೆಂದು ಕೈಮುಗಿದು ಕೇಳುತ್ತೇನೆ. ಆ ನಾಯಿಯ ಜೊತೆ ನಮ್ಮ ಯಜಮಾನರ ಜೀವವೂ ಗಂಟುಬಿದ್ದಿತ್ತು.

ನಮ್ಮದು ಶಹಾಬಾದ. ಯಜಮಾನರು ನೆಲಕ್ಕೆ ಹಾಸುವ ಪರ್ಸಿ ಕಲ್ಲಿಗೆ ಪಾಲಿಶ್ ಹಿಡಿಯುವ ಕೆಲಸದಲ್ಲಿ ದುಡಿದವರು. ಅವರ ಗಂಟಲು ಭಾರಿ ದೊಡ್ಡದು. ಓಣಿಯ ತುದಿಯಿಂದ ನನ್ನ ಹೆಸರು ಕೂಗಿದರೆ ಹಂಚಿನ ಮೇಲಿನ ರೊಟ್ಟಿ ಬಿಟ್ಟು ನಾನು ಎದ್ದು ಬರುತ್ತಿದ್ದೆ. ಅಂಥವರು ಹೋದ ವರ್ಷ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಚಹಾ ಕುಡಿಯುತ್ತ ಕುಳಿತವರು ಹಾಗೇ ಪಕ್ಕಕ್ಕೆ ವಾಲಿದರು. ಬಾಯಿ ಸೊಟ್ಟಗಾಯಿತು, ಬಲಗೈ ಬಲಗಾಲು ಬಿದ್ದುಹೋದವು. ಲಕ್ವಾ ಹೊಡೆದಿತ್ತು.

ಕಲಬುರಗಿಯ ದವಾಖಾನೆಯಲ್ಲಿ ಅವರನ್ನು ಒಳಗೆ ಒಯ್ದು ನನ್ನನ್ನು ಹೊರಗೆ ಕೂರಿಸಿದರು. ಅಲ್ಲಿ ಗೋಡೆಗೆ ತಲೆ ಆನಿಸಿ ನಾನು ಹರಕೆ ಹೊತ್ತೆ: "ಮೈಲಾರಪ್ಪಾ, ಇವರ್ನ ಜೀವಂತ ಮನಿಗಿ ಕಳಸು. ನಿನ್ನ ಹೆಸರಿಲೆ ನಾಯಿ ಬಿಡ್ತೀನಿ." ನನ್ನ ಅತ್ತೆಯ ಮನೆತನದಲ್ಲಿ ಈ ಹರಕೆ ಮೊದಲಿನಿಂದ ನಡೆದು ಬಂದದ್ದು. ದೇವರ ಹೆಸರಲ್ಲಿ ಒಂದು ಮರಿ ತಂದು ಹಣೆಗೆ ಭಂಡಾರದ ಅರಿಷಿಣ ಹಚ್ಚಿ ಸಾಕುತ್ತಾರೆ.

ದೇವರು ಕಳಿಸಿದ. ಜೀವ ಬಂತು, ಮಾತು ಬರಲಿಲ್ಲ. ಸಿಟ್ಟಾದಾಗ "ಆ... ಆ..." ಎನ್ನುವುದು ಬಿಟ್ಟರೆ ಆ ದೊಡ್ಡ ಗಂಟಲಿನಿಂದ ಒಂದು ಅಕ್ಷರವೂ ಹೊರಡುತ್ತಿರಲಿಲ್ಲ. ನಾನು ಹರಕೆ ತೀರಿಸಲು ಅರಿಷಿಣ ಬಣ್ಣದ ಒಂದು ಮರಿ ತಂದೆ. ಅದರ ಬಣ್ಣ ನೋಡಿಯೇ ಭಂಡಾರಿ ಎಂದು ಹೆಸರಿಟ್ಟೆ. ಆ ಮರಿ ಮೊದಲ ದಿನವೇ ಹೋಗಿ ಇವರ ಬಿದ್ದ ಕೈಯ ಮೇಲೆ ತಲೆ ಇಟ್ಟು ಮಲಗಿತು. ಮುಂದೆ ಅದರ ಕಿವಿ ಕೆರೆಯಲು ಹೋಗಿಯೇ ಇವರ ಎರಡು ಬೆರಳು ಅಲ್ಲಾಡತೊಡಗಿದವು. ಗುಳಿಗೆ ನುಂಗಿಸುವುದು ಮಾತ್ರ ದಿನವೂ ಜಗಳ. ಭಂಡಾರಿಗೆ ಮೊದಲು ರೊಟ್ಟಿಯ ತುಣುಕು ಹಾಕಬೇಕು, ಆಮೇಲೆ ಇವರು ಬಾಯಿ ತೆರೆಯಬೇಕು.

ರವಿವಾರ ನಮ್ಮ ದೇವರ ವಾರ. ದೀಪ ಹಚ್ಚಿ ನಾನು "ಏಳುಕೋಟಿ ಏಳುಕೋಟಿ" ಎಂದು ದೇವರ ಘೋಷ ಕೂಗಿದರೆ ಸಾಕು, ಭಂಡಾರಿ ಮೂತಿ ಮೇಲೆತ್ತಿ ಊಳಿಡುತ್ತಿದ್ದ. ಭಕ್ತಿಯೋ, ಪೂಜೆಯ ನಂತರ ಸಿಗುವ ಹಾಲು-ರೊಟ್ಟಿಯ ಆಸೆಯೋ, ಆ ದೇವರಿಗೇ ಗೊತ್ತು.

ಅವನನ್ನು ನಾವು ಎಂದೂ ಕಟ್ಟಲಿಲ್ಲ. ಮೈಲಾರನ ಸೇವೆಯಲ್ಲಿ ಕಬ್ಬಿಣದ ಸರಪಳಿ ಹರಿಯುವುದನ್ನು ನೀವೆಲ್ಲ ಕಣ್ಣಾರೆ ಕಂಡವರು. ಸರಪಳಿ ಹರಿಯುವ ದೇವರ ನಾಯಿಗೆ ಸರಪಳಿ ಹಾಕಿದರೆ ಉಳಿಗಾಲವುಂಟೇ? ನಮ್ಮ ಓಣಿಯವರೆಲ್ಲ ಹಾಗೇ ತಿಳಿದಿದ್ದರು, ನಾನೂ ಹಾಗೇ ತಿಳಿದಿದ್ದೆ. ನಮ್ಮ ಅಂಗಳಕ್ಕೆ ಮೂರು ಕಡೆ ಪರ್ಸಿ ನಿಲ್ಲಿಸಿದ ಗೋಡೆ ಇತ್ತು, ಮುಂದಿನ ಕಡೆ ಬಯಲು. ಭಂಡಾರಿ ಬೆಳಿಗ್ಗೆ ಹೊರಟರೆ ಓಣಿ, ಸಂತೆ, ಸ್ಟೇಷನ್ನಿನ ದಾರಿ ಎಲ್ಲ ತಿರುಗಿ ಊಟದ ಹೊತ್ತಿಗೆ ಬರುತ್ತಿದ್ದ.

ಸೇಡಂಗೆ ಕೊಟ್ಟ ಮಗಳು ರೇಣುಕಾ ಬಂದಾಗಲೆಲ್ಲ ಇದೇ ತಕರಾರು ತೆಗೆಯುತ್ತಿದ್ದಳು.

"ಅವ್ವಾ, ಇದು ಹಗಲೆಲ್ಲ ರೋಡಿನ ಮ್ಯಾಲೇ ಇರ್ತದ. ಸಿಮೆಂಟ್ ಟ್ಯಾಂಕರ್ ಹೆಂಗ ಓಡ್ತಾವ ನೋಡಿಯಿಲ್ಲೊ? ಮನ್ಯಾಗ ಇಟ್ಕೊ."

"ದೇವರ ನಾಯಿ ಅದ ಅದು. ಅದಕ್ಕ ಬೇಡಿ ಹಾಕ್ಲೇನು?"

"ದೇವರ ನಾಯಿ ಯಾವುದು, ಬೀದಿ ನಾಯಿ ಯಾವುದು, ಆ ಟ್ಯಾಂಕರ್ ಡ್ರೈವರಗ ಹೆಂಗ ಗೊತ್ತಾಗಬೇಕು?"

"ಬಾಯಿ ಮುಚ್ಚು! ಎರಡು ಅಕ್ಷರ ಕಲ್ತು ಮೈಲಾರಗೇ ಬುದ್ಧಿ ಹೇಳ್ಲಕತ್ತಿ. ಅವನ ನಾಯಿಗಿ ಅವನೇ ಕಾವಲು."

ಯಜಮಾನರು ಕುಳಿತಲ್ಲಿಂದಲೇ ನಮ್ಮಿಬ್ಬರನ್ನೂ ನೋಡುತ್ತಿದ್ದರು. ಯಾರ ಕಡೆ ಎಂದು ಹೇಳಲು ಅವರಿಗೆ ಬಾಯಿ ಇರಲಿಲ್ಲ.

ಎಳ್ಳಮಾವಾಸ್ಯೆಗೆ ನನ್ನ ತಮ್ಮನ ಹೊಲಕ್ಕೆ ಹೋದೆವು. ಅದು ವಾಡಿಯಿಂದ ಚಿತ್ತಾಪುರದ ಕಡೆಗೆ ಹೋಗುವಾಗ ಸಿಗುತ್ತದೆ. ನಮ್ಮ ಓಣಿಯ ಮಹಿಬೂಬನ ಟಂಟಂ ಆಟೊ ಮಾಡಿಕೊಂಡು, ಇವರನ್ನು ಎತ್ತಿ ಕೂರಿಸಿ, ಭಜ್ಜಿ-ರೊಟ್ಟಿಯ ಬುಟ್ಟಿ ಇಟ್ಟುಕೊಂಡು, ಭಂಡಾರಿಯನ್ನೂ ಕಾಲಡಿ ಹತ್ತಿಸಿಕೊಂಡೆವು. ಉಣ್ಣುವ ಗದ್ದಲದಲ್ಲಿ ಅವನು ತೊಗರಿ ಸಾಲಿನಲ್ಲಿ ಓಡಿದ್ದು ಕಂಡೆ. ಹೊರಡುವ ಹೊತ್ತಿಗೆ ಇಲ್ಲ. ಕೂಗಿ ಕೂಗಿ ಸಾಕಾಯಿತು. "ಇರ್ಲಿ ತಗೋ ಅಕ್ಕಾ, ಬೆಳಗ್ಗಿ ತಾನೇ ಬರ್ತದ," ಎಂದ ತಮ್ಮ. ನಾನೂ ಹಾಗೇ ಅಂದುಕೊಂಡು ಬಂದೆ.

ಬೆಳಿಗ್ಗೆ ಬರಲಿಲ್ಲ. ಮಧ್ಯಾಹ್ನವೂ ಬರಲಿಲ್ಲ. ತಮ್ಮ ಊರೆಲ್ಲ ಕೇಳಿದ, ಮಹಿಬೂಬ ವಾಡಿ ಸ್ಟೇಷನ್ ತನಕ ನೋಡಿ ಬಂದ. ಇತ್ತ ಇವರು ಬಾಗಿಲಿಗೆ ಮುಖ ಮಾಡಿ ಕುಳಿತವರು ಕದಲಲಿಲ್ಲ. ಊಟದ ಗಂಗಾಳ ಮುಂದಿಟ್ಟರೆ ಎಡಗೈಯಿಂದ ನೂಕಿದರು. ಗುಳಿಗೆ ಹಿಡಿದರೆ ಹಲ್ಲು ಕಚ್ಚಿದರು. ಬಿ.ಪಿ. ಗುಳಿಗೆ ಒಂದು ದಿನವೂ ತಪ್ಪಬಾರದು, ಇನ್ನೊಮ್ಮೆ ಹೊಡೆತ ಬಿದ್ದರೆ ನಮ್ಮ ಕೈಯಲ್ಲಿಲ್ಲ ಎಂದು ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು. ಬೇಡಿದೆ, ಬೈದೆ, ಅತ್ತೆ. ಅವರು ಬಾಗಿಲನ್ನೇ ನೋಡುತ್ತಿದ್ದರು.

ಆಗ ನಾನು ದೇವರ ಜಗುಲಿಯ ಮುಂದೆ ಹೋಗಿ ನಿಂತು ದೇವರಿಗೇ ಬೈದೆ. "ನಿನ್ನ ನಾಯಿ, ನೀನೇ ಕಾಯಬೇಕಿತ್ತು! ಒಂದು ಕೈಲಿ ಕೊಟ್ಟು ಇನ್ನೊಂದು ಕೈಲಿ ಕಸ್ಕೊತೀಯೇನು? ಕುದರಿ ಏರಿ ಎಲ್ಲಿ ಹೋಗಿದ್ದಿ?" ಬೈದ ಮೇಲೆ ಹೆದರಿಕೆಯಾಗಿ ಕೆನ್ನೆ ಕೆನ್ನೆ ಬಡಿದುಕೊಂಡೆ.

ಮೂರನೇ ದಿನ ರವಿವಾರ. ರೇಣುಕಾ ಸೇಡಂನಿಂದ ರೈಲು ಹಿಡಿದು ಬಂದಳು. ಮೊದಲೇ ಹೇಳಿದ್ದೆನಲ್ಲ ಎಂಬ ಮಾತು ಅವಳ ಬಾಯಿಂದ ಬರಲಿಲ್ಲ, ಅಷ್ಟಕ್ಕೆ ಆ ಮಗುವಿಗೆ ಪುಣ್ಯ ಬರಲಿ. ಇವರನ್ನೂ ಎತ್ತಿ ಕೂರಿಸಿಕೊಂಡು ಮೂವರೂ ಮಹಿಬೂಬನ ಟಂಟಂನಲ್ಲೇ ಮೈಲಾರನ ಗುಡಿಗೆ ಹೊರಟೆವು. ಅದು ತಮ್ಮನ ಹೊಲದಿಂದಾಚೆಯ ಒಂದು ಹಳ್ಳಿಯ ಸಣ್ಣ ಗುಡಿ. ಅಲ್ಲಿ ಪೂಜೆ ಮಾಡುವ ಅಜ್ಜ, ಎಲ್ಲರ ಮುತ್ಯಾ, ನನ್ನ ಗೋಳೆಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದರು.

"ಹರಕಿ ಹೊತ್ತಾಗ ಏನಂದಿದ್ದಿ, ತಂಗಿ?"

"ನಿನ್ನ ಹೆಸರಿಲೆ ನಾಯಿ ಬಿಡ್ತೀನಿ ಅಂದಿದ್ದೆ, ಮುತ್ಯಾ."

"ಮತ್ತ ಬೀದಿಗಿ ಬಿಟ್ಟೀಯಲ್ಲ. ಅವನಿಗಿ ಎಲ್ಲಿ ಬಿಟ್ಟಿ?"

ನನಗೆ ತಿಳಿಯಲಿಲ್ಲ. ಸರಪಳಿಯ ಮಾತು ಎತ್ತಿದೆ. ಮುತ್ಯಾ ನಕ್ಕರು. "ಸರಪಳಿ ಬ್ಯಾಡ. ಯಾರು ಹಾಕು ಅಂದ್ರು? ಈ ಗುಡಿನೂ ಅವಂದೇ ಅದ. ಹೊತ್ತು ಮುಳುಗಿದ ಮ್ಯಾಲ ನಾ ಇದಕ್ಕ ಕೀಲಿ ಹಾಕಂಗಿಲ್ಲೇನು? ಅವನೇನು ಸಿಟ್ಟಾಗ್ಯಾನ? ಅವಂದು ಅಂದಮ್ಯಾಲ ನಾವು ಕಾಯಬೇಕವ್ವಾ."

ರೇಣುಕಾ ನನ್ನ ಮುಖ ನೋಡಲಿಲ್ಲ. ನಾನೂ ಅವಳ ಮುಖ ನೋಡಲಿಲ್ಲ. ಭಂಡಾರದ ಪ್ರಸಾದ ಉಡಿಯಲ್ಲಿ ಕಟ್ಟಿಕೊಂಡು ಎದ್ದೆ.

ಬರುವಾಗ ಹೊಲದ ಹತ್ತಿರ ಟಂಟಂ ನಿಲ್ಲಿಸು ಎಂದೆ. ಅಲ್ಲಿ ಕೆಲಸ ನಿಂತುಹೋದ ಹಳೆಯ ಪರ್ಸಿ ಖಣಿಗಳಿವೆ, ಆಳವಾದ ಚೌಕ ಗುಂಡಿಗಳು, ತಳದಲ್ಲಿ ಮಳೆ ನೀರು. ತಮ್ಮ ಅಲ್ಲೂ ಕೂಗಿ ಹೋಗಿದ್ದನಂತೆ. ನಾನು, ರೇಣುಕಾ, ಮಹಿಬೂಬ ಒಂದೊಂದು ಗುಂಡಿಯ ಅಂಚಿಗೆ ನಿಂತು "ಭಂಡಾರೀ" ಎಂದು ಕೂಗಿದೆವು. ನಮ್ಮ ದನಿಯೇ ತಿರುಗಿ ಬಂತು. ಕೊನೆಯ ಗುಂಡಿಯ ಹತ್ತಿರ ಕುಸಿದು ಕುಳಿತು, ಉಡಿಯ ಭಂಡಾರ ಬಿಚ್ಚಿ ಆ ಗುಂಡಿಗೇ ತೂರಿದೆ. "ತಗೋಪ್ಪಾ, ನಿಂದು ನಿನಗ. ಇವರ್ನಾದ್ರೂ ನನಗ ಬಿಡು," ಎಂದು ಅತ್ತುಬಿಟ್ಟೆ.

ಆಗ ಹಿಂದಿನಿಂದ ಒಂದು ದನಿ ಬಂತು.

"ಏಳ್... ಕೋಟಿ."

ತಿರುಗಿ ನೋಡಿದೆ. ಟಂಟಂನಲ್ಲಿ ಇವರು ಎಡಗೈಯಿಂದ ಸರಳು ಹಿಡಿದು ಮುಂದಕ್ಕೆ ಬಾಗಿದ್ದರು. ಗಾಳಿಯಲ್ಲಿ ಹಾರುವ ಭಂಡಾರ ನೋಡುತ್ತ ಮತ್ತೆ ಬಾಯಿ ತೆರೆದರು.

"ಏಳ್ಕೋಟಿ! ಏಳ್ಕೋಟಿ!"

ಆ ಹಳೆಯ ದೊಡ್ಡ ಗಂಟಲೇ! ಸ್ವಲ್ಪ ಒಡೆದಿತ್ತು, ಆದರೂ ಅದೇ. ರೇಣುಕಾ "ಅಪ್ಪಾ" ಎಂದು ಚೀರಿದಳು. ಅವಳ ಚೀರಾಟ ಮುಗಿಯುವ ಮೊದಲೇ ಗುಂಡಿಯ ತಳದಿಂದ ಊಳು ಎದ್ದಿತು. ಸಣ್ಣಗೆ, ಉದ್ದಕ್ಕೆ, ಪ್ರತಿ ರವಿವಾರ ನಮ್ಮ ಜಗುಲಿಯ ಮುಂದೆ ಕೇಳುವ ಅದೇ ಊಳು. ಹೆಸರಿಗೆ ಓಗೊಡದ ನಾಯಿ ದೇವರ ಹೆಸರಿಗೆ ಓಗೊಟ್ಟಿತು.

ಮಹಿಬೂಬ ಹತ್ತಿರದ ಖಣಿಯವರಿಂದ ಹಗ್ಗ ತಂದು ಕಲ್ಲಿನ ಮೆಟ್ಟಿಲು ಹಿಡಿದು ಇಳಿದ. ಒಂದು ಕಲ್ಲಿನ ಚಾಚಿನ ಕೆಳಗೆ, ಮೇಲಿನಿಂದ ಕಾಣದ ಕಡೆ, ಕಾಲು ಮುರಿದುಕೊಂಡು ಬಿದ್ದಿದ್ದನಂತೆ ಭಂಡಾರಿ. ನೀರಿನ ಪಕ್ಕದಲ್ಲೇ ಬಿದ್ದಿದ್ದಕ್ಕೆ ಉಳಿದಿದ್ದ. "ಚಾಚೀ, ಜಿಂದಾ ಅದ! ಬಾಲ ಅಲ್ಲಾಡಸ್ಲಕತ್ತದ!" ಎಂದು ಮಹಿಬೂಬ ಕೆಳಗಿನಿಂದ ಕೂಗಿದಾಗ ನಾನು ಮೈಲಾರನಿಗೂ ಕೈಮುಗಿದೆ, ಮಹಿಬೂಬನಿಗೂ ಕೈಮುಗಿದೆ.

ಚೀಲದಲ್ಲಿ ಕೂರಿಸಿ ಮೇಲೆ ಎಳೆದು ತಂದು ಇವರ ತೊಡೆಯ ಮೇಲೆ ಹಾಕಿದೆವು. ಇವರು ಅಳುತ್ತಿದ್ದರು. ನಾನು ಸೆರಗಿನ ಗಂಟಿನಿಂದ ಗುಳಿಗೆ ತೆಗೆದೆ. ರೇಣುಕಾ ದಾರಿಗೆಂದು ತಂದಿದ್ದ ಬುಟ್ಟಿಯ ರೊಟ್ಟಿ ಮುರಿದು ಮೊದಲು ಭಂಡಾರಿಯ ಬಾಯಿಗಿಟ್ಟಳು. ಇವರು ತಾವಾಗಿ ಬಾಯಿ ತೆರೆದರು.

ಮುಂದೆ ಕಲಬುರಗಿಯಲ್ಲಿ ತೋರಿಸಿದಾಗ ಡಾಕ್ಟರು, ಬಾಯಿಪಾಠವಾದ ಮಂತ್ರ, ಭಜನೆ ಲಕ್ವಾದವರಿಗೂ ಕೆಲವೊಮ್ಮೆ ಬರುತ್ತದೆ, ಅದನ್ನೇ ಹಿಡಿದು ಉಳಿದ ಮಾತು ಕಲಿಸಿ ಎಂದರು. ಇರಬಹುದು, ಕಲಿತವರು ಸುಳ್ಳೇಕೆ ಹೇಳುತ್ತಾರೆ? ಆದರೆ ಅಷ್ಟು ತಿಂಗಳು ಬಾರದ ಮಾತು ಆ ಗುಂಡಿಯ ಅಂಚಿನಲ್ಲೇ, ನಾನು ಭಂಡಾರ ತೂರಿದ ಗಳಿಗೆಯಲ್ಲೇ ಯಾಕೆ ಬಂತು ಎಂದು ನಾನು ಅವರನ್ನು ಕೇಳಲಿಲ್ಲ. ನನಗೆ ಉತ್ತರ ಗೊತ್ತಿತ್ತು.

ಅಂಗಳದ ಮುಂದಿನ ಬಯಲಿಗೂ ಈಗ ಪರ್ಸಿ ನಿಂತಿದೆ, ನಡುವೆ ಒಂದು ಕಬ್ಬಿಣದ ಬಾಗಿಲು. ಭಂಡಾರಿಯ ಕೊರಳಲ್ಲಿ ಸರಪಳಿ ಇಲ್ಲ, ಅಂಗಳವೆಲ್ಲ ಅವನದೇ. ಕಾಲು ಕೂಡಿದೆ, ಸ್ವಲ್ಪ ಕುಂಟುತ್ತಾನೆ. ಸಂಜೆ ರೇಣುಕಾ ತಂದುಕೊಟ್ಟ ಬಟ್ಟೆಯ ಪಟ್ಟಿ ಹಾಕಿ ಓಣಿಯಲ್ಲಿ ತಿರುಗಿಸಿಕೊಂಡು ಬರುತ್ತೇನೆ. ದೇವರ ನಾಯಿಯನ್ನು ಒಳಗೆ ಹಾಕಿದಳು ಎಂದು ಕೆಲವರು ಆಡಿಕೊಂಡರು. ಗುಡಿಗೂ ಕೀಲಿ ಉಂಟು, ಹೋಗಿ ನೋಡಿ ಬರ್ರಿ ಎಂದೆ.

ಮೈಲಾರಪ್ಪಾ, ನಾನು ಕೇಳಿದ್ದು ಒಂದು ನಾಯಿ, ನೀನು ಅದರ ಜೊತೆ ಒಂದು ದನಿಯನ್ನೂ ಗುಂಡಿಯಿಂದ ಎತ್ತಿಕೊಟ್ಟೆ. ನಿನ್ನದನ್ನು ಇನ್ನು ಮೇಲೆ ನಾನು ಕಾಯುತ್ತೇನೆ. ನನ್ನನ್ನು ನಂಬದಿದ್ದರೆ ನಮ್ಮ ಯಜಮಾನರನ್ನು ಕೇಳು. ಏಳುಕೋಟಿಯ ನಂತರ ಅವರು ಕಲಿತ ಮೊದಲ ಮಾತು ಒಂದೇ. ಯಾರಾದರೂ ಬಾಗಿಲು ತೆರೆದಿಟ್ಟು ಒಳಗೆ ಬಂದರೆ, ಓಣಿಯ ಆ ತುದಿಗೆ ಕೇಳುವಂತೆ ಕೂಗುತ್ತಾರೆ:

"ಬಾಗಲಾ!"