ಬೆಲ್ಲದ ಕೈ

ನಮ್ಮ ಶಹಾಪುರದ ಕಾಲೇಜಿಗೆ ಸುರಪುರದಿಂದ ಬಸ್ಸಿನಲ್ಲಿ ಬರುತ್ತಿದ್ದ ರಸಾಯನಶಾಸ್ತ್ರದ ಮೇಡಮ್ಮಿಗೆ ಅವಸರವೆಂಬುದೇ ಗೊತ್ತಿರಲಿಲ್ಲ. ಚಹಾ ಆರಿದರೂ ಬಸ್ಸು ತಪ್ಪಿದರೂ ಎಡಗೈ ಎತ್ತಿ ಒಂದೇ ಮಾತು: "ತಡೀರಿ, ಅದಕ್ಕೂ ಟೈಮ್ ಬೇಕು."

ಸಕ್ಕರೆಯ ಅಂಶ ತಾಗಿದರೆ ಗುಲಾಬಿ ಬಣ್ಣಕ್ಕೆ ತಿರುಗುವ ಹೈಡ್ರೋಜೆಲ್ಲನ್ನು ಅವರು ಪ್ರಯೋಗಾಲಯದಲ್ಲಿ ತಯಾರಿಸಿದ್ದರು. ನೋಡಲು ನೀರಿನಲ್ಲಿ ನೆನೆದ ಸಾಬುದಾಣಿಯಂತಿತ್ತು. ಸೂಜಿ ಚುಚ್ಚದೆ, ಬೆರಳ ಬೆವರಿನಿಂದಲೇ ಶುಗರ್ ತಿಳಿಯಬೇಕೆಂಬುದು ಅವರ ಆಸೆ. ಸಂಕ್ರಾಂತಿಯ ಮರುದಿನ ಸ್ಟಾಫ್ ರೂಮಿನಲ್ಲಿ ನಾವೆಲ್ಲ ಒಬ್ಬರಿಗೊಬ್ಬರು ಎಳ್ಳುಬೆಲ್ಲ ಕೊಟ್ಟುಕೊಂಡು, ಅದೇ ಕೈಯಿಂದ ಜೆಲ್ಲಿನ ತುಂಡುಗಳನ್ನು ಒತ್ತಿದೆವು. ಎಲ್ಲವೂ ಗುಲಾಬಿ!

"ಇಡೀ ಕಾಲೇಜಿಗೇ ಶುಗರ್ ಬಂದಾದಲ್ರಿ ಮೇಡಮ್!" ಎಂದು ನಾನು ಕೂಗಿದೆ.

"ತಡೀರಿ. ಅದು ಬೆಲ್ಲದ ಕೈ. ತೊಳ್ಕೊಂಡು ಬರ್ರಿ," ಎಂದು ಅವರು ನಕ್ಕರು. ಜೆಲ್ ಮುಟ್ಟುವ ಕೆಲಸವಿದೆಯೆಂದು ಅವರು ಮಾತ್ರ ಬೆಳಗಿನಿಂದ ಎಳ್ಳುಬೆಲ್ಲ ತೆಗೆದುಕೊಂಡಿರಲಿಲ್ಲ.

ಕೈ ತೊಳೆದು ಬಂದು ಹೊಸ ತುಂಡು ಒತ್ತಿದಾಗ ನಮ್ಮವೆಲ್ಲ ಬಿಳಿಯಾಗಿಯೇ ಉಳಿದವು. "ನಿಮ್ಮದೂ ಒಂದು ಆಗ್ಲಿ ಬಿಡ್ರಿ," ಎಂದೆ. ಅವರೂ ಒತ್ತಿದರು. ಚಿಮಟದಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಎತ್ತಿದ ತುಂಡು, ಅಂಚಿನಿಂದ ಒಳಕ್ಕೆ, ಮೆಲ್ಲಗೆ ಗುಲಾಬಿಗೆ ತಿರುಗಿತು.

"ತಡೀರಿ ಮೇಡಮ್, ಇನ್ನೊಮ್ಮೆ ನೋಡೋಣು," ಎಂದೆ ನಾನು.

ಅವರು ತಡೆಯಲಿಲ್ಲ. ನೇರ ನಲ್ಲಿಯ ಬಳಿ ಹೋಗಿ, ಬೆಲ್ಲ ಮುಟ್ಟದ ಆ ಕೈಯನ್ನು ತೊಳೆಯತೊಡಗಿದರು.