ಸುನಂದಾ ಇರುವ ಊರು

ಕಲಬುರಗಿಯ ಖೂಬಾ ಪ್ಲಾಟಿನಲ್ಲಿರುವ ನಮ್ಮ ಮನೆಯ ಮುಂದಿನ ಕೋಣೆಯನ್ನು ಬಾಡಿಗೆಗೆ ಕೊಡುವ ಇರಾದೆ ನನಗೆ ಇರಲಿಲ್ಲ. ಜೀವಮಾನವಿಡೀ ಹೆಣ್ಣುಮಕ್ಕಳ ಶಾಲೆಯಲ್ಲಿ ಗದ್ದಲ ಕೇಳಿ ನಿವೃತ್ತಳಾದವಳು ನಾನು, ಮನೆಯಲ್ಲಾದರೂ ಸುಮ್ಮನೆ ಕೂರೋಣವೆಂದಿದ್ದೆ. ರೊಟ್ಟಿ ಮಾಡಿ ಮಾರಲು ಜಾಗ ಹುಡುಕುತ್ತಿದ್ದ ಸುನಂದಾ ಬಾಗಿಲಲ್ಲಿ ನಿಂತು, "ಅಕ್ಕೋರ, ಒಂದು ಒಲಿ, ಹಿಟ್ಟು ನಾದೂ ಒಂದು ಪರಾತ, ಮತ್ತ ನಾನು. ಬ್ಯಾರೆ ಏನೂ ಬರೂದಿಲ್ಲ ನನ್ನ ಸಂಗಾಟ" ಅಂದಳು. ಪಾಪ ಅನ್ನಿಸಿ ಹೂಂ ಅಂದೆ. ರೊಟ್ಟಿ ಬಡಿಯುವ ಸದ್ದೂ ಜೊತೆಗೆ ಬರುತ್ತದೆ ಅಂತ ಅವಳೂ ಹೇಳಲಿಲ್ಲ, ನನಗೂ ಹೊಳೆಯಲಿಲ್ಲ. ಬೆಳಗಾದರೆ ಸಾಕು, ಪಟಪಟ ಪಟಪಟ. ಮೊದಮೊದಲು ಮೈ ಉರಿಯಿತು. ಆಮೇಲೆ ರೂಢಿಯಾಯಿತು. ಈಗ ಅವಳು ಒಂದು ದಿನ ಬರದಿದ್ದರೆ ನನಗೆ ಬೆಳಗಾದಂತೆಯೇ ಆಗುವುದಿಲ್ಲ.

ಅವಳ ಗಂಡ ಮಾಳಿಂಗ ನೆಹರು ಗಂಜಿನ ಧಾನ್ಯದ ಪೇಟೆಯಲ್ಲಿ ಹಮಾಲ. ತೊಗರಿ ಚೀಲ ಹೊತ್ತು ಹೊತ್ತು ಒಂದು ಭುಜ ವಾಲಿದೆ, ಮಾತು ಕಡಿಮೆ. ಸಂಜೆ ಅವಳನ್ನು ಕರೆದೊಯ್ಯಲು ಬಂದರೆ ಒಳಗೆ ಕಾಲಿಡುವುದಿಲ್ಲ, ಗೇಟಿನ ಹೊರಗೆ ನಿಂತು ಕೆಮ್ಮುತ್ತಾನೆ. ಒಳ್ಳೆಯ ಮನುಷ್ಯ. ಅವನಿಗೆ ಸುನಂದಾ ಮೊದಲ ಹೆಂಡತಿ, ಅವಳಿಗೆ ಅವನು ಎರಡನೆಯ ಗಂಡ.

ಮೊದಲ ಗಂಡ ಕಮಲಾಪುರದವನು. ಅವನು ಕಾಮಾಲೆಯಾಗಿ ತೀರಿಕೊಂಡಾಗ ಸುನಂದಾ ಇನ್ನೂ ಚಿಕ್ಕವಳು, ಮಗಳು ರೇವತಿ ಅಂಗನವಾಡಿಗೆ ಹೋಗುತ್ತಿದ್ದಳು. ಅಣ್ಣಂದಿರು ಓಡಾಡಿ ಉಡಿಕಿ ಮಾಡಿಸಿದರು. ಉಡಿಕಿ ಅಂದರೆ ಅವರ ಜನರಲ್ಲಿ ಗಂಡ ಸತ್ತವಳಿಗೆ ಮಾಡುವ ಮದುವೆ. ಹಂದರವಿಲ್ಲ, ಬಾಜಾ ಬಜಂತ್ರಿಯಿಲ್ಲ, ಹೊಸ ಸೀರೆ ಉಡಿಸಿ ನಾಲ್ಕು ಜನರ ಮುಂದೆ ಕಳಿಸಿಕೊಡುವುದು ಅಷ್ಟೇ. ವಿಧವೆಯನ್ನು ಮೂಲೆಗೆ ಕೂರಿಸುವ ನಮ್ಮಂಥ ಮನೆತನಗಳಿಗಿಂತ ಇವರೇ ಎಷ್ಟೋ ಮೇಲು ಅಂದುಕೊಂಡಿದ್ದೆ. ಆದರೆ ಅದಕ್ಕೊಂದು ಕಟ್ಟಳೆ ಇತ್ತು. ಮೊದಲ ಗಂಡನ ಮಕ್ಕಳು ಆ ಮನೆಗೇ ಸೇರಿದವರು, ತಾಯಿ ಒಬ್ಬಳೇ ಎದ್ದು ಹೋಗಬೇಕು. ಹಿರಿಯರು ಹಾಗೆಂದರು, ಅಣ್ಣಂದಿರು ಹೂಂಗುಟ್ಟಿದರು, ಸುನಂದಾ ಹೋದಳು. ಆ ಹಿರಿಯರಲ್ಲಿ ಒಬ್ಬರಾದರೂ ಹೆತ್ತಿದ್ದರೆ ಹಾಗೆ ಅನ್ನುತ್ತಿದ್ದರೇ ಅಂತ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಒಂದು ಸಲ ಮಗಳನ್ನು ನೋಡಲು ಹೋಗಿದ್ದಳಂತೆ. ಮಗು ಸೆರಗು ಬಿಡಲೊಲ್ಲದು. ಬಿಡಿಸಿಕೊಂಡು ಬಸ್ಸು ಹತ್ತಿ ಬಂದಳು. ಮರುದಿನ ಮಗುವಿಗೆ ಜ್ವರ ಏರಿತು. ಮೊದಲ ಗಂಡನ ತಾಯಿ, ಮಗುವಿನ 'ಆಯಿ' ಅಂದರೆ ಅಜ್ಜಿ, ಅನ್ನಮ್ಮ ಹೇಳಿಕಳಿಸಿದಳು: "ನೀ ಬಂದು ಹೋದ್ರ ಕೂಸು ಹಾಸಿಗಿ ಹಿಡೀತದ. ಅದು ಬದುಕಬೇಕಂದ್ರ ನೀ ಬರಬ್ಯಾಡ." ಸುನಂದಾ ಆ ಮಾತನ್ನು ನಂಬಿದಳು. ಮಗು ಬದುಕಲಿ ಅಂತ ಹೋಗುವುದನ್ನೇ ಬಿಟ್ಟಳು. ಮಾಳಿಂಗನ ಮನೆಯಲ್ಲಿ ಅವಳಿಗೆ ಮತ್ತೆ ಮಕ್ಕಳಾಗಲಿಲ್ಲ.

ಹೋದ ವರ್ಷ ರೊಟ್ಟಿಯ ಗಿರಾಕಿಯೊಬ್ಬರು ಹುರಿದುಂಬಿಸಿದ್ದಕ್ಕೆ ಅವಳು ಫೇಸ್‌ಬುಕ್ಕಿಗೆ ಸೇರಿದಳು. ಏಳನೇ ಇಯತ್ತೆ ಓದಿದವಳು, ಖಾತೆಯನ್ನು ತಾನೇ ತೆರೆದಳು. ಒಟ್ಟಿದ ಕಡಕ್ ರೊಟ್ಟಿಯ ಫೋಟೊ, ಹೆಸರು 'ಸುನಂದಾ ರೊಟ್ಟಿ'. ನೋಡಿದವರೆಲ್ಲ ಚೆಂದ ಅಂದರು, ಆರ್ಡರು ಮಾತ್ರ ಒಂದೂ ಬರಲಿಲ್ಲ. ಕೊನೆಗೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನ್ ಮಾಡಿ, "ಅಕ್ಕೋರ, ನಿಮ್ಮ ರೊಟ್ಟಿಯಾಕಿ ಕಮಲಾಪುರದಾಗ ಇರ್ತಾಳಂತ ತೋರಸಾಕತ್ತದ. ಅಷ್ಟು ದೂರದಿಂದ ರೊಟ್ಟಿ ಯಾರು ತರಸ್ತಾರ್ರೀ?" ಅಂದಳು.

ನಾನು ಕನ್ನಡಕ ಏರಿಸಿ ಕೂತೆ. ವಾಸವಿರುವ ಊರು ಅನ್ನುವ ಕಡೆ ಕಮಲಾಪುರ ಅಂತಲೇ ಇತ್ತು. ಅದನ್ನು ಅಳಿಸಿ ಕಲಬುರಗಿ ಹಾಕಿದೆ. ಎರಡು ದಿನ ಬಿಟ್ಟು ನೋಡಿದರೆ ಮತ್ತೆ ಕಮಲಾಪುರ. ಮತ್ತೆ ಬದಲಿಸಿದೆ, ಮತ್ತೆ ಅದೇ. ಫೋನಿನ ಲೊಕೇಶನ್ ಆಫ್ ಮಾಡಿ ಆನ್ ಮಾಡಿದೆ, ಆ್ಯಪ್ ತೆಗೆದು ಹೊಸದಾಗಿ ಹಾಕಿದೆ, ಫೋನನ್ನೇ ಬಂದ್ ಮಾಡಿ ಬುದ್ಧಿ ಬರಲಿ ಅಂತ ಕಪಾಟಿನಲ್ಲಿ ಇಟ್ಟೆ. ಇಂಥ ಮೊಂಡು ಯಂತ್ರವನ್ನು ನಾನು ಕಂಡಿರಲಿಲ್ಲ. ಸುನಂದಾ ಪಕ್ಕದಲ್ಲೇ ಕೂತು ಎಲ್ಲವನ್ನೂ ನೋಡುತ್ತಿದ್ದಳು. ಹಟಕ್ಕೆ ಬಿದ್ದು ಅವಳನ್ನು ಆಟೋ ಹತ್ತಿಸಿ ಮೋಮಿನಪುರದ ಮೊಬೈಲ್ ಅಂಗಡಿಗೆ ಕರೆದೊಯ್ದೆ.

ಅಂಗಡಿಯವನು ಫೋನನ್ನು ಹಿಂದೆ ಮುಂದೆ ತಿರುವಿದ, ಒಳಗೆಲ್ಲ ಜಾಲಾಡಿದ. "ಅಮ್ಮಾ, ಫೋನ್ ಬರಾಬರ್ ಅದ. ಇದು ಆಪೇ ಆಪ್ ಬದಲಾಗೂ ಚೀಜ್ ಅಲ್ಲ. ಯಾರೋ ಕೈಲೇ ಹಾಕ್ಯಾರ್ರೀ" ಅಂದ. ನಾನು ಸುನಂದಾಳನ್ನು ನೋಡಿದೆ. ಅವಳು ರಸ್ತೆಯ ಕಡೆ ಮುಖ ತಿರುಗಿಸಿಕೊಂಡಳು.

ಮನೆಗೆ ಬಂದವಳೇ ಬೈಯಲು ಶುರುಮಾಡಿದೆ. ನನ್ನ ಕಣ್ಣು ಹೋಯಿತು, ನಿನ್ನ ಗಿರಾಕಿಗಳು ಹೋದರು, ನಿನಗೇನು ಹುಚ್ಚೇ ಅಂದೆ. ಅವಳು ಎಲ್ಲ ಕೇಳಿಸಿಕೊಂಡು ಆಮೇಲೆ ಹೇಳಿದಳು: "ಸಿಟ್ಟಾಗಬ್ಯಾಡ್ರಿ ಅಕ್ಕೋರ. ನೀ ಎಲ್ಲಿರ್ತಿ ಅಂತ ಅದು ಕೇಳ್ತು. ಗಂಜಿನ ಹತ್ರ ನನ್ನ ಮನಿ ಅದ, ಇಲ್ಲಿ ನನ್ನ ಒಲಿ ಅದ. ಖರೇ ಕೇಳಿದ್ರ ನಾ ದಿನಾ ಇರೂದು ನನ್ನ ಮಗಳ ಹತ್ರ. ಅದಕ್ಕ ಆ ಊರು ಹಾಕೀನಿ."

ಆಮೇಲೆ ರೇವತಿಯ ಫೋಟೊಗಳನ್ನು ತೋರಿಸಿದಳು. ರೊಟ್ಟಿ ಮಾರುವ ಯಾರೋ ಒಬ್ಬಳು ಅಂದುಕೊಂಡು ಹುಡುಗಿ ಇವಳ ಸ್ನೇಹದ ಕೋರಿಕೆಯನ್ನು ಒಪ್ಪಿದ್ದಳು. ಉದ್ದ ಜಡೆ, ಹೆಗಲಿಗೆ ಕಾಲೇಜಿನ ಚೀಲ, ಹಿಂದೆ ಅವರದೇ ರಸ್ತೆ ಬದಿಯ ಅಂಗಡಿಯಲ್ಲಿ ನೇತುಹಾಕಿದ ಕೆಂಪು ಬಾಳೆಯ ಗೊನೆಗಳು. ಸುನಂದಾ ಪ್ರತಿ ಫೋಟೊವನ್ನೂ ಬೆರಳಿನಿಂದ ದೊಡ್ಡದು ಮಾಡಿ, ಮಗಳ ಮುಖವಷ್ಟೇ ಕಾಣುವ ಹಾಗೆ ಹಿಡಿದು ತೋರಿಸಿದಳು. ಆರ್ಡರು ಹೋದರೆ ಹೋಗಲಿ ಅಂತ ಆ ಊರನ್ನು ಹಾಗೇ ಬಿಟ್ಟೆವು.

ಈ ವರ್ಷ ರೇವತಿ ಪಿಯುಸಿ ಪಾಸಾದಳು. ಅದನ್ನು ಅವಳು ಹಾಕಿಕೊಂಡ ದಿನ ಸುನಂದಾ ಸುಮ್ಮನಿರಲಾರದೆ ಬರೆದುಬಿಟ್ಟಳು: "ರೇವತಿ, ನಾ ನಿಮ್ಮವ್ವ ಇದ್ದೀನಿ. ನೀ ಪಾಸಾದಿ ಅಂತ ಭಾಳ ಖುಷಿ ಆತು." ಆ ದಿನ ರೊಟ್ಟಿಗಳೆಲ್ಲ ಹೊತ್ತಿದವು, ಫೋನಿನ ತುಂಬ ಹಿಟ್ಟು. ಮರುದಿನ ಉತ್ತರ ಬಂತು. ಓದುವ ಧೈರ್ಯವಿಲ್ಲದೆ ನನ್ನ ಕೈಗೆ ಕೊಟ್ಟಳು. ನಾನು ಓದಿದೆ.

"ನೀವು ನಮ್ಮ ಊರಾಗೇ ಇರ್ತೀರಿ ಅಂತ ನಿಮ್ಮ ಪ್ರೊಫೈಲ್‌ನಾಗ ಅದ. ಅವ್ವ ಭಾಳ ದೂರ ಹೋಗ್ಯಾಳ, ಬರಾಕ ಆಗೂದಿಲ್ಲ ಅಂತ ನಮ್ಮ ಆಯಿ ಹೇಳ್ತಿದ್ದಳು. ನಾ ಅದನ್ನ ನಂಬಿ ಬೆಳೆದೀನಿ. ಇದೇ ಊರಾಗ ಇದ್ದು ಒಂದು ಸಲಾನೂ ನನ್ನ ನೋಡಾಕ ಬರಲಿಲ್ಲ ನೀವು. ಇನ್ನ ಮ್ಯಾಲ ಬರೀಬ್ಯಾಡ್ರಿ."

ನಾವು ತಪ್ಪಾಯಿತು ಅಂತ ಬರೆಯುವಷ್ಟರಲ್ಲಿ ಆ ಹೆಸರೇ ಮಾಯವಾಗಿತ್ತು. ಹುಡುಗಿ ಬ್ಲಾಕ್ ಮಾಡಿದ್ದಳು. ನಾನು ಗಡಬಡಿಸಿ ಕಮಲಾಪುರ ತೆಗೆದು ಕಲಬುರಗಿ ಹಾಕಿದೆ. ಈ ಸಲ ಅದು ಬದಲಾಗದೆ ನಿಂತಿತು, ಆದರೆ ನೋಡಬೇಕಾದವಳಿಗೆ ಇನ್ನು ಕಾಣುವಂತಿರಲಿಲ್ಲ. ಸುನಂದಾ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಹೋಗಿ ಹೇಳಿ ಬರ್ತೀನ್ರಿ. ಊರು ತಪ್ಪ ಹಾಕೀನಿ ಅಂತ ಅಷ್ಟ ಹೇಳ್ತೀನಿ. ನೀವೂ ಬರ್ರಿ ಅಕ್ಕೋರ, ನನಗ ಮಾತ ಬರೂದಿಲ್ಲ."

ಬಸ್ಸಿನಲ್ಲಿ ಅವಳ ಮಡಿಲಲ್ಲಿ ರೊಟ್ಟಿಯ ಗಂಟು, ಅದರೊಳಗೆ ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಪೊಟ್ಟಣ. ಹೇಳಬೇಕಾದ ಒಂದೇ ಮಾತನ್ನು ದಾರಿಯುದ್ದಕ್ಕೂ ತುಟಿಯೊಳಗೆ ಹೇಳಿಕೊಳ್ಳುತ್ತಿದ್ದಳು. ಕಮಲಾಪುರದಲ್ಲಿ ಇಳಿದಾಗ ಬಾಳೆಹಣ್ಣಿನ ಅಂಗಡಿಗಳ ಸಾಲಿನಲ್ಲಿ ರೇವತಿಯನ್ನು ಹುಡುಕಬೇಕಾಗಲಿಲ್ಲ. ಸುನಂದಾಳ ಹಣೆ, ಸುನಂದಾಳ ಮೂಗು, ಸುನಂದಾಳಿಗಿಂತ ಒಂದು ಗೇಣು ಎತ್ತರ. ಗಿರಾಕಿಗಳು ಅಂದುಕೊಂಡು, "ಎಷ್ಟು ಕೊಡ್ಲಿರೀ?" ಅಂತ ಎದ್ದಳು. ಸುನಂದಾ ರೊಟ್ಟಿಯ ಗಂಟನ್ನು ಹಲಗೆಯ ಮೇಲಿಟ್ಟಳು. ಹುಡುಗಿ ಗಂಟು ನೋಡಿದಳು, ಮುಖ ನೋಡಿದಳು, ಹಾಗೇ ನಿಂತಳು.

"ನಾ ಈ ಊರಾಗ ಇರೂದಿಲ್ಲವ್ವಾ. ಅದು ನಾ ತಪ್ಪ ಹಾಕಿದ್ದೆ. ಉಡಿಕಿ ಆದ ಮ್ಯಾಲ ನಾ ಇಲ್ಲಿ ಒಂದ ದಿನಾನೂ ಇದ್ದಿಲ್ಲ, ನಾ ಕಲಬುರಗಿಯಾಗ ಇರ್ತೀನಿ." ಸುನಂದಾ ಒಂದೇ ಉಸಿರಿಗೆ ಹೇಳಿ ಮುಗಿಸಿದಳು.

ರೇವತಿ ಕೈಯಲ್ಲಿದ್ದ ಹಣ್ಣನ್ನು ಬಟ್ಟೆಯಿಂದ ಒರೆಸುತ್ತಲೇ ಇದ್ದಳು. ಅವಳ ಮುಖ ಸ್ವಲ್ಪ ಸಡಿಲವಾದಂತೆ ಕಂಡಿತು, ನನಗೆ ಜೀವ ಬಂತು. ಆಮೇಲೆ ಕೇಳಿದಳು:

"ಕಲಬುರಗಿಯಿಂದ ಇಲ್ಲಿಗಿ ಬಸ್ಸಿಗಿ ಎಷ್ಟೊತ್ತು ಆಗ್ತದ್ರೀ?"

ಅವಳಿಗೆ ಗೊತ್ತಿಲ್ಲದ್ದೇನಲ್ಲ. ಸುನಂದಾ ಸುಳ್ಳು ಹೇಳಲಿಲ್ಲ.

"ಒಂದು ತಾಸು."

"ಒಂದು ತಾಸು" ಅಂತ ಹುಡುಗಿಯೂ ಅಂದಳು. ಜೋರಾಗಿ ಅಲ್ಲ. ಅವಳ ಕಣ್ಣು ತುಂಬಿತ್ತು. ರೊಟ್ಟಿಯ ಗಂಟನ್ನು ಮೆಲ್ಲಗೆ ನಮ್ಮ ಕಡೆಗೆ ಸರಿಸಿದಳು.

ನನಗೆ ತಡೆಯಲಾಗಲಿಲ್ಲ. ಜ್ವರ, ಅನ್ನಮ್ಮನ ಮಾತು, ಆ ಹಿರಿಯರು, ಎಲ್ಲವನ್ನೂ ಅಲ್ಲೇ ಹೇಳಿಬಿಡಬೇಕೆಂದು, "ನೋಡವ್ವಾ, ನಿಮ್ಮ ಆಯಿ ಏನ್ ಮಾಡ್ಯಾಳ ಅಂದ್ರ" ಅಂತ ಬಾಯಿ ತೆರೆದೆ. ಸುನಂದಾ ನನ್ನ ಕೈ ಹಿಡಿದು ಜೋರಾಗಿ ಅಮುಕಿದಳು. ರೊಟ್ಟಿ ಬಡಿಯುವ ಕೈ, ನೋವಾಯಿತು. ಗಂಟು ಎತ್ತಿಕೊಂಡು ನನ್ನನ್ನು ಎಳೆದುಕೊಂಡೇ ಬಸ್ ನಿಲ್ದಾಣಕ್ಕೆ ಬಂದಳು.

"ಯಾಕ ತಡೆದಿ? ತಪ್ಪು ನಿನ್ನದಲ್ಲ ಅಂತ ಆಕಿಗಿ ಗೊತ್ತಾಗ್ತಿತ್ತು" ಅಂತ ಬಸ್ಸಿನಲ್ಲಿ ರೇಗಿದೆ.

"ಗೊತ್ತಾಗ್ತಿತ್ರೀ. ಆಮ್ಯಾಲ ಆಕಿ ಯಾರ ಮನ್ಯಾಗ ಉಣ್ಣಬೇಕು? ಆಕಿಗಿ ಇರೂದು ಆಯಿ ಒಬ್ಬಾಕಿ. ಆಯಿ ಮ್ಯಾಲಿನ ಪ್ರೀತೀನೂ ಕಸಕೊಂಡ್ರ, ಹುಡುಗಿ ಹತ್ರ ಯಾರದಾರ?" ಅಂದಳು. ನಾನು ಕಿಟಕಿಯ ಕಡೆ ತಿರುಗಿ ಅತ್ತೆ.

ಮನೆಗೆ ಬಂದ ಮೇಲೆ ಅವಳು ಫೋನನ್ನು ನನ್ನ ಕೈಗಿಟ್ಟು, ಇರುವ ಊರನ್ನು ತೆಗೆದುಬಿಡಿ ಅಂದಳು. ಕಲಬುರಗಿ ಇರಲಿ, ರೊಟ್ಟಿಗಾದರೂ ಗಿರಾಕಿ ಬರುತ್ತಾರೆ ಅಂದೆ. "ಬ್ಯಾಡ್ರಿ. ಅದೂ ಇರಬ್ಯಾಡ" ಅಂದಳು. ತೆಗೆದೆ. ಆದರೆ ಫೇಸ್‌ಬುಕ್ಕು ಸುಮ್ಮನಿರುವ ಪೈಕಿ ಅಲ್ಲ. ಈಗಲೂ ತೆರೆದಾಗೊಮ್ಮೆ ನೀವು ಇರುವ ಊರು ಯಾವುದು, ಸೇರಿಸಿ ಅಂತ ಕೇಳುತ್ತದೆ. ಸುನಂದಾ ಅದನ್ನು ಪೂರ್ತಿ ಓದುತ್ತಾಳೆ, ಕೆಳಗಿನ 'ಈಗ ಬೇಡ' ಒತ್ತುತ್ತಾಳೆ, ಸೆರಗು ಸಿಕ್ಕಿಸಿಕೊಂಡು ಹಿಟ್ಟು ನಾದಲು ಕೂರುತ್ತಾಳೆ.