ನಾನು ಬಿಗಿದ ಗೂಟ

ಅವತ್ತು ಸೋತದ್ದು ನಿಮ್ಮ ಕೈಯಲ್ಲ. ಗೂಟವನ್ನು ಕಲ್ಲುಗಳ ನಡುವೆ ಬಿಗಿದು ಹೂತವಳು ನಾನು — ನಿಮ್ಮ ಹೆಂಡತಿ. ಇದಿಷ್ಟನ್ನು ಹೇಳುವುದಕ್ಕೆ ನನಗೆ ಅರ್ಧ ಆಯುಷ್ಯ ಬೇಕಾಯಿತು.

ಜರ್ಮನ್ ಲಡಾಯಿ ಮುಗಿದು ನೀವು ನಮ್ಮೂರು ಕೊಹೀರಿಗೆ ಮರಳಿದಾಗ, ಬಂದವರು ಬೇರೆ ಯಾರೋ ಅನ್ನಿಸಿತ್ತು. ನಿಜಾಮರ ಕುದುರೆ ದಂಡಿನ ಸವಾರರು ನೀವು, ಒನಕೆಯ ಸದ್ದಿಗೆ ಬೆಚ್ಚಿಬೀಳುತ್ತಿದ್ದಿರಿ. ಬಲಗೈ ನಡುಗುತ್ತಿತ್ತು. ಊಟಕ್ಕೆ ಕೂತು ರೊಟ್ಟಿ ಮುರಿಯುವುದನ್ನೇ ಮರೆಯುತ್ತಿದ್ದಿರಿ. ಅತ್ತೆ ಗುಡಿಗೂ ದರ್ಗಾಕ್ಕೂ ಹರಕೆ ಹೊತ್ತರು. ನಾನು — ನಾನು ಬಾಗಿಲ ಹಿಂದೆ ನಿಂತು ಅಳುತ್ತಿದ್ದೆ, ಅಷ್ಟೇ.

ನಿಮ್ಮನ್ನು ಮನುಷ್ಯರ ನಡುವೆ ತಂದದ್ದು ಹರಕೆಯೂ ಅಲ್ಲ, ನಾನೂ ಅಲ್ಲ. ನೇಜಾಬಾಜಿ. ನೆಲದಲ್ಲಿ ಹೂತ ಮರದ ಗೂಟವನ್ನು ಓಡುವ ಕುದುರೆಯ ಮೇಲಿಂದ ಭರ್ಜಿಯ ತುದಿಗೆ ಸಿಕ್ಕಿಸಿ ಎತ್ತುವ ಆಟ. ಜಹೀರಾಬಾದಿನಿಂದ ದಂಡಿನ ಹಳೆಯ ಗೆಳೆಯರು ಬಂದು, ಪಟೇಲರ ಕುದುರೆ ಬೇಡಿ ತಂದು, ನಿಮ್ಮನ್ನು ಎಳೆದುಕೊಂಡೇ ಬಯಲಿಗೆ ಹೋದರು. ಮೊದಮೊದಲು ನಿಮ್ಮ ಭರ್ಜಿ ಬರೀ ಮಣ್ಣು ಉಳುತ್ತಿತ್ತು. ಆಮೇಲೊಂದು ಸಂಜೆ ಗೂಟ ಎದ್ದು ಬಂತು. ನೀವು ನಕ್ಕಿರಿ! ಆ ನಗು ಕೇಳಿ ನನಗೆ ಮತ್ತೆ ಮದುವೆಯಾದಂತಾಯಿತು.

ಗೆಳೆಯರ ಹೆಂಡಿರೂ ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಂಡು ಬರತೊಡಗಿದರು. ಗಂಡಂದಿರ ನಿದ್ದೆಗೆಟ್ಟ ರಾತ್ರಿಗಳ ಮಾತನ್ನು ನಾವು ಆಡಿಕೊಂಡದ್ದು ಅಲ್ಲೇ, ಆ ಬಯಲಿನ ಅಂಚಿನಲ್ಲಿ ಕೂತು. ಗೂಟ ಹೂಳುವ ಕೆಲಸ ನನ್ನದು. ದಂಡಿನ ಹುದ್ದೆಯನ್ನೇ ನನಗಂಟಿಸಿ, ದಫೇದಾರಬಾಯಿ ಎಂದು ಎಲ್ಲರೂ ಕಾಡಿಸುತ್ತಿದ್ದರು.

"ಈ ಭರ್ಜೀಲೆ ನಿನ್ನ ಮೂಗಿನ ನತ್ತು ಎತ್ತಿದ್ರೂ ನಿನಗ ತಿಳಿಯಂಗಿಲ್ಲ ನೋಡು," ಎಂದಿರಿ ಒಮ್ಮೆ, ಕುದುರೆಯ ಮೇಲಿಂದಲೇ.

"ಮೊದ್ಲ ನತ್ತು ಮಾಡಿಸ್ರಿ, ಆಮ್ಯಾಲ ಎತ್ತೀರಂತ," ಎಂದೆ.

ನಿದ್ದೆ ಬಂತು, ಹಸಿವೆ ಬಂತು. ಹಿಂದೆಯೇ ಹೈದರಾಬಾದಿನಿಂದ ದಂಡಿನ ಜಮಾದಾರರೂ ಬಂದರು, ಗೂಟ ಎತ್ತಿಸಿ ನಿಮ್ಮ ಕೈ ಪರೀಕ್ಷಿಸಲು. ಕೈ ನೆಟ್ಟಗಾಗಿದ್ದರೆ ಮತ್ತೆ ದಂಡಿಗೆ. ನೀವು ಮದುಮಗನ ಹಾಗೆ ಮೀಸೆ ತೀಡಿಕೊಂಡಿರಿ. ನನಗೋ ಎದೆ ಒಡೆದು ಹೋಯಿತು — ಈ ಸಲ ಹೋದರೆ ಯಾರು ಮರಳುತ್ತಾರೋ, ಮರಳುತ್ತಾರೋ ಇಲ್ಲವೋ —

ಪರೀಕ್ಷೆಯ ದಿನ ನೀವು ಕುದುರೆ ತೊಳೆಯಲು ಕೆರೆಗೆ ಇಳಿದಿದ್ದಿರಿ. ನಾನು ಗುಣಿಯನ್ನು ಆಳ ಮಾಡಿದೆ, ಉದ್ದದ ಗೂಟ ಇಳಿಸಿದೆ, ಅತ್ತಿತ್ತ ಕಲ್ಲು ಬಡಿದೆ, ಮೇಲೆ ಮಣ್ಣು ಸವರಿದೆ. ಕೈ ನಡುಗಲಿಲ್ಲ ನನ್ನದು.

ನಿಮ್ಮ ಗುರಿ ತಪ್ಪಿರಲಿಲ್ಲ. ಭರ್ಜಿ ಗೂಟದ ನಟ್ಟನಡುವೆ ನಾಟಿತು. ಆದರೆ ಗೂಟ ಬರಲಿಲ್ಲ. ಭರ್ಜಿ ಕೈಯಿಂದ ಕಳಚಿ ಅಲ್ಲೇ ನಿಂತಿತು; ನೀವು ಬರಿಗೈಯಲ್ಲಿ ಮುಂದೆ ಹೋಗಿದ್ದಿರಿ.

"ನಿಶಾನಾ ಠೀಕ್ ಹೈ, ಹಾಥ್ ಮೇ ತಾಖತ್ ನೈ," ಎಂದರು ಜಮಾದಾರರು. ಗುರಿ ಇದೆ, ಕಸುವಿಲ್ಲ. ಇನ್ನೊಮ್ಮೆ ಓಡಿಸು ಎಂದರು. ನೀವು ಭರ್ಜಿಯನ್ನು ಮುಟ್ಟಲಿಲ್ಲ. ಗೂಟ ಕೀಳುವ ನೆಪದಲ್ಲಿ ಮೊದಲು ಓಡಿದವಳು ನಾನೇ. ಕಲ್ಲುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡೆ.

"ಕೈಯಾಗಿನ ಕಸುವು ಹೋಗ್ಯಾದ, ಬಿಡು," ಎಂದಿರಿ ಮನೆಗೆ ಬರುವಾಗ. ಆಗಲಾದರೂ ಹೇಳಬಹುದಿತ್ತು.

ನೀವು ಉಳಿದಿರಿ. ಮಕ್ಕಳಾದವು, ಹೊಲವಾಯಿತು, ನಾನು ಸುಖವಾಗಿಯೇ ಇದ್ದೆ — ಅದನ್ನೂ ಮುಚ್ಚಿಡುವುದಿಲ್ಲ. ಆದರೆ ನೀವು ಮತ್ತೆ ಭರ್ಜಿ ಹಿಡಿಯಲಿಲ್ಲ. ಗೆಳೆಯರು ಬಂದು ಆಡಿದರೂ ದೂರ ನಿಂತು ನೋಡಿದಿರಿ. ನಿಮ್ಮನ್ನು ನನಗೆ ಮರಳಿ ಕೊಟ್ಟ ಆಟವನ್ನೇ ನಿಮ್ಮಿಂದ ಕಿತ್ತುಕೊಂಡೆ. ಉಂಡ ಮನೆಗೆ ಎರಡು ಬಗೆದೆ. ಪ್ರೀತಿಯಿಂದ ಮಾಡಿದೆ ಎನ್ನಲೇ? ಆ ಪ್ರೀತಿ ನಿಮ್ಮನ್ನು ಒಂದು ಮಾತು ಕೇಳಲಿಲ್ಲ.

ಈಗ ಮತ್ತೊಂದು ಲಡಾಯಿ ನಡೆದಿದೆ. ನಾವು ಮುದುಕರಾಗಿದ್ದೇವೆ. ನಿನ್ನೆ ಸೊಸೆ ಹಸುಗೂಸನ್ನು ನಿಮ್ಮ ಮುಂದೆ ಹಿಡಿದಾಗ ನೀವು ಹಿಂದೆ ಸರಿದಿರಿ. "ಬ್ಯಾಡವ್ವಾ, ಈ ಕೈ ನಂಬಬ್ಯಾಡ. ಬಿದ್ದಗಿದ್ದೀತು ಕೂಸು," ಎಂದಿರಿ. ನಮ್ಮ ಮಕ್ಕಳ ಕಾಲಕ್ಕೂ ಅದೇ ಮಾತು. ನಾನು ಆಗೆಲ್ಲ ನಕ್ಕು ಸುಮ್ಮನಾಗುತ್ತಿದ್ದೆ. ನಿನ್ನೆ ನಗಲಾಗಲಿಲ್ಲ.

ಈಗ ಕೂಸು ನನ್ನ ತೊಡೆಯ ಮೇಲಿದೆ, ನೀವು ಎದುರಿಗಿದ್ದೀರಿ. ಹೇಳಿದೆ. ಬೈಯಿರಿ, ಮಾತು ಬಿಡಿ, ಏನಾದರೂ ಮಾಡಿ. ಮೊದಲು ಇವಳನ್ನು ಎತ್ತಿಕೊಳ್ಳಿ.